ನಾಲ್ಕು ಬೈಟಿನ ಚೀಟಿ

ಕಾಮರ್ಸ್ ಓದುವವಳಿಗೆ ಲಿನಕ್ಸ್ ಯಾಕೆ ಎಂದು ಗೆಳತಿಯರು ಕೇಳುತ್ತಾರೆ. ನಮ್ಮ ಕಾಂಬಿನೇಶನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಇದೆ ಎಂಬುದು ಅರ್ಧ ಉತ್ತರ. ಇನ್ನರ್ಧ, ಉಚ್ಚಂಗಿದುರ್ಗದಲ್ಲಿರುವ ಮಾಮೂ ಅವರ ಜೆರಾಕ್ಸ್ ಅಂಗಡಿ. ಮುಂದೆ ಗಿರಾಕಿಗಳಿಗೆ ಎರಡು ಕಂಪ್ಯೂಟರ್: ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ರಿಸಲ್ಟ್. ಒಳಗೆ ಒಂದು, ಅದರಲ್ಲಿ ಟ್ಯಾಲಿ, ಅಂಗಡಿಯ ಪೂರ್ತಿ ಲೆಕ್ಕ, ಊರವರ ಉದ್ರಿ ಬಾಕಿ. ಗಿರಾಕಿಗಳ ಪೆನ್‌ಡ್ರೈವ್‌ನಲ್ಲಿ ಯಾವ ವೈರಸ್ ಬರುತ್ತದೋ ಅಲ್ಲಾಹನೇ ಬಲ್ಲ. ನಗದು ಪೆಟ್ಟಿಗೆ ಮತ್ತು ಖಾತೆ ಪುಸ್ತಕ ಒಬ್ಬರದೇ ಕೈಯಲ್ಲಿ ಇರಬಾರದು ಎಂದು ಅಕೌಂಟೆನ್ಸಿಯಲ್ಲಿ ಕಲಿಯುತ್ತೇವೆ. ಇಲ್ಲಿ ಮೂರೂ ಕಂಪ್ಯೂಟರ್ ಒಂದೇ ಸ್ವಿಚ್ಚಿನಲ್ಲಿದ್ದವು.

ಬೇರೆ ತಂತಿ, ಬೇರೆ ಸ್ವಿಚ್ ಕೊಳ್ಳುವಷ್ಟು ಹಣವಿರಲಿಲ್ಲ. ಮಾಮೂ ಅವರ ಮಗ ಸೆಕೆಂಡ್‌ಹ್ಯಾಂಡ್‌ನಲ್ಲಿ ವರ್ಚುವಲ್ ಲ್ಯಾನ್ ಗೊತ್ತಿರುವ ಒಂದು ಸ್ವಿಚ್ ತಂದ. ಹೊರಗೆ ಹೋಗುವ ದಾರಿ ಒಂದು ಹಳೆಯ ಲಿನಕ್ಸ್ ಕಂಪ್ಯೂಟರ್, ಅದಕ್ಕೆ ಇದ್ದದ್ದು ಒಂದೇ ನೆಟ್‌ವರ್ಕ್ ಕಾರ್ಡ್. ವರ್ಚುವಲ್ ಲ್ಯಾನ್‌ನಲ್ಲಿ ಆ ತಂತಿಯಲ್ಲಿ ಹೋಗುವ ಪ್ರತಿ ಫ್ರೇಮಿಗೂ ನಾಲ್ಕು ಬೈಟಿನ ಒಂದು ಗುರುತು ಸೇರುತ್ತದೆ. ಅಮ್ಮಿಗೆ ವಿವರಿಸುವಾಗ ಚಿಟ್ಠಿ ಎಂದೆ, ಕನ್ನಡದ ಚೀಟಿಯೇ, ತಕ್ಷಣ ಅರ್ಥವಾಯಿತು. ಚೀಟಿಯಲ್ಲಿ ಗುಂಪಿನ ಸಂಖ್ಯೆಗೆ 12 ಬಿಟ್. ಅಂದರೆ 4096, ಎರಡನ್ನು ಕಾಯ್ದಿರಿಸಿ 4094 ಗುಂಪು. ನಮಗೆ ಬೇಕಾದದ್ದು ಎರಡು-ಮೂರು. ಹತ್ತು ಗಿರಾಕಿಗಳದು, ಇಪ್ಪತ್ತು ಟ್ಯಾಲಿಯದು.

ಆದರೆ ಒಂದು ವಿಚಿತ್ರ ತೊಂದರೆ ಕಾಣಿಸಿತು. ಗಿರಾಕಿಗಳ ಕಂಪ್ಯೂಟರಿನಲ್ಲಿ ಪುಟ ತೆರೆಯುತ್ತದೆ, ಲಾಗಿನ್ ಆಗುತ್ತದೆ, ಫೋಟೊ ಅಪ್‌ಲೋಡ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಸ್ಕಾಲರ್‌ಶಿಪ್ ಕೊನೆಯ ದಿನ ಹತ್ತಿರವಿತ್ತು, ಸಾಲು ಬಾಗಿಲ ಹೊರಗಿತ್ತು. ಕಾರಣ ಆ ನಾಲ್ಕೇ ಬೈಟು. ಈಥರ್‌ನೆಟ್ ಫ್ರೇಮಿನ ಹಳೆಯ ಮಿತಿ 1518 ಬೈಟ್. ಚೀಟಿ ಅಂಟಿಸಿದರೆ 1522. ಸಣ್ಣ ಸಂದೇಶಕ್ಕೆ ತೊಂದರೆಯಿಲ್ಲ. ಪೂರ್ತಿ ತುಂಬಿದ ಫ್ರೇಮ್ ಬಂದರೆ ಹಳೆಯ ಡ್ರೈವರ್ ಉದ್ದ ಹೆಚ್ಚಾಯಿತೆಂದು ಸದ್ದಿಲ್ಲದೆ ಎಸೆದುಬಿಡುತ್ತದೆ. ಫೋಟೊ ಕಳಿಸುವಾಗ ಎಲ್ಲವೂ ತುಂಬಿದ ಫ್ರೇಮುಗಳೇ. ಅಣ್ಣ ಆ ಕಂಪ್ಯೂಟರುಗಳಲ್ಲಿ 1500ರ ಮಿತಿಯನ್ನು 1496ಕ್ಕೆ ಇಳಿಸಿದ, ಸಾಲು ಕರಗಿತು. ಆಮೇಲೆ ಕಾರ್ಡನ್ನೇ ಬದಲಿಸಿದ.

ನನಗೆ ಹಿಡಿಸಿದ್ದು ಇದರ ಹಿಂದಿನ ಕೆಲಸ. ಚೀಟಿಯ ನಿಯಮ 802.1ಕ್ಯೂ 1998ರಲ್ಲೇ ಬಂತು. ನಿಯಮ ಬಂದರೆ ಸಾಲದು, ದಾರಿಯುದ್ದಕ್ಕೂ ಇರುವ ಪ್ರತಿಯೊಂದು ಡ್ರೈವರಿಗೂ ಅದು ತಿಳಿದಿರಬೇಕು. ಲಿನಕ್ಸಿಗೆ ಬೆನ್ ಗ್ರಿಯರ್ ಇದನ್ನು ಬರೆದರು. ಮೊದಲು ಅದು ಹೊರಗಿನ ತೇಪೆಯಾಗಿತ್ತು, ಬೇಕಾದವರು ತಾವೇ ಸೇರಿಸಿಕೊಳ್ಳಬೇಕಿತ್ತು. 2001ರಲ್ಲಿ 2.4 ಸರಣಿಯ ಕರ್ನಲ್‌ಗೇ ಸೇರಿತು. ಆ ಮೇಲೆ ಒಂದೊಂದೇ ಡ್ರೈವರನ್ನು 1522ಕ್ಕೆ ಒಗ್ಗಿಸುವ ಬೇಸರದ ಕೆಲಸ ವರ್ಷಗಟ್ಟಲೆ ನಡೆಯಿತು. ಹೆಸರು ತರುವ ಕೆಲಸವಲ್ಲ ಅದು. ಆದರೆ ಉಚ್ಚಂಗಿದುರ್ಗದ ಅರ್ಜಿಗಳು ಹೋಗುವುದು ಅದರಿಂದಲೇ.

ಒಂದು ಮಾತು: ಚೀಟಿ ಬೀಗವಲ್ಲ. ಗುಟ್ಟನ್ನು ಅದು ಮುಚ್ಚಿಡುವುದಿಲ್ಲ, ಸಾಲು ಬೇರೆ ಮಾಡುತ್ತದೆ ಅಷ್ಟೆ. ಟ್ಯಾಲಿಗೆ ಪಾಸ್‌ವರ್ಡ್ ಬೇಕೇ ಬೇಕು, ಮಾಮೂ ಎಷ್ಟೇ ಗೊಣಗಿದರೂ.

ಹಳೆಯ ಲಿನಕ್ಸಿನಲ್ಲಿ ಈ ಭಾಗ ಶುರುವಾಗುವಾಗ ತೆರೆಯ ಮೇಲೆ ಎರಡು ಸಾಲು ಬರುತ್ತಿದ್ದವು. ಮೊದಲನೆಯದರಲ್ಲಿ ಗ್ರಿಯರ್ ಹೆಸರು. ಎರಡನೆಯದರಲ್ಲಿ, ಇದರ ದೋಷಗಳನ್ನೆಲ್ಲ ಸೇರಿಸಿದವರು ಡೇವಿಡ್ ಮಿಲ್ಲರ್ ಎಂದು! ಅವರು ಲಿನಕ್ಸ್ ನೆಟ್‌ವರ್ಕಿಂಗ್ ವಿಭಾಗವನ್ನು ಬಹುಕಾಲ ನೋಡಿಕೊಂಡವರು. ನಷ್ಟದ ಖಾತೆಗೆ ಹೀಗೆ ನಗುತ್ತಾ ಹೆಸರು ಹಾಕಿಸಿಕೊಂಡವರನ್ನು ನಾನು ಯಾವ ಲೆಡ್ಜರ್‌ನಲ್ಲೂ ಕಂಡಿಲ್ಲ. ಹೊಸ ಕರ್ನಲ್‌ಗಳಲ್ಲಿ ಆ ಎರಡನೆಯ ಸಾಲು ಇಲ್ಲ.