ನಮ್ಮ ಕಡೆ ಎಲ್ಲ ಸರಿ ಇದೆ

ನೆಟ್‌ವರ್ಕಿನ ತೊಂದರೆಗಳಲ್ಲೂ ರುಚಿಭೇದವಿದೆ. ನನಗೆ ಎಲ್ಲಕ್ಕಿಂತ ರುಚಿಸುವುದು ತೀರ ಸಣ್ಣದು: ಎರಡು ರೂಟರ್, ನಡುವೆ ಒಂದೇ ಕೇಬಲ್, ಆದರೂ ಪರಸ್ಪರ ಮಾತಿಲ್ಲ. ನೂರಾರು ಪೆಟ್ಟಿಗೆಗಳ ಜಾಲ ಕೆಟ್ಟರೆ ಗೂಬೆ ಕೂರಿಸಲು ಬೇಕಾದಷ್ಟು ತಲೆಗಳು ಸಿಗುತ್ತವೆ. ಫೈರ್‌ವಾಲ್, ಸರ್ವಿಸ್ ಪ್ರೊವೈಡರ್, ಯಾರೂ ಸಿಗದಿದ್ದರೆ ಡಿಎನ್‌ಎಸ್. ಇಲ್ಲಿ ಆ ಅನುಕೂಲವಿಲ್ಲ. ಸಿಸ್ಕೋ ರೂಟರಿನಲ್ಲಿ ಕೂತು ಎದುರಿನದಕ್ಕೆ ಪಿಂಗ್ ಕೊಟ್ಟರೆ, ಎರಡೆರಡು ಸೆಕೆಂಡಿಗೆ ಒಂದರಂತೆ ಐದು ಚುಕ್ಕಿಗಳು ಪರದೆಯ ಮೇಲೆ ನಿಧಾನವಾಗಿ ಬೀಳುತ್ತವೆ. ಒಂದೊಂದು ಚುಕ್ಕಿಯೂ ಉತ್ತರ ಬಾರದ ನೂರು ಬೈಟಿನ ಒಂದು ಪ್ರಶ್ನೆ. ಹತ್ತು ಸೆಕೆಂಡಿನ ಕೊನೆಗೆ ಅಂಕಪಟ್ಟಿ ಬರುತ್ತದೆ: ಐದಕ್ಕೆ ಸೊನ್ನೆ. ಆಗ ಎರಡು ತುದಿಗಳ ಎಂಜಿನಿಯರುಗಳು ಫೋನಿನಲ್ಲಿ ಮಾತಿಗೆ ತೊಡಗುತ್ತಾರೆ, ಮತ್ತು ಈ ಕಸುಬಿನಲ್ಲಿ ಅತಿ ಹೆಚ್ಚು ಸಲ ಉಚ್ಚರಿಸಲ್ಪಟ್ಟ ವಾಕ್ಯ ಕೇಳಿಬರುತ್ತದೆ: ‘ನಮ್ ಕಡೆ ಎಲ್ಲಾ ಸರಿ ಇದೆ’. ಹಾಗೆನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಕಡೆ ನಿಜವಾಗಿಯೂ ಎಲ್ಲ ಸರಿ ಇರಬಹುದು. ಆದರೆ ಲಿಂಕ್ ಎಂಬುದು ಯಾವ ಒಂದು ಕಡೆಯಲ್ಲೂ ಇರುವುದಿಲ್ಲವಲ್ಲ! ಅದು ಇಬ್ಬರ ನಡುವಿನ ಒಪ್ಪಂದ. ಎರಡು ರೂಟರ್‌ಗಳ ನಡುವಿನ ತೊಂದರೆಗಳಲ್ಲಿ ಮುರಿದದ್ದಕ್ಕಿಂತ ಹೊಂದದ್ದೇ ಹೆಚ್ಚು, ಈ ಹುಡುಕಾಟದ ಸವಿಯಿರುವುದೂ ಅಲ್ಲೇ ಎಂಬುದು ನನ್ನ ವಾದ.

ಈ ಕತೆ ಅಂತರ್ಜಾಲದಷ್ಟೇ ಹಳೆಯದು. 1969ರ ಅಕ್ಟೋಬರ್ 29ರ ರಾತ್ರಿ ಆರ್ಪಾನೆಟ್ಟಿನಲ್ಲಿ ಇದ್ದದ್ದು ಎರಡೇ ಕೇಂದ್ರಗಳು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಒಂದು, ಸುಮಾರು 550 ಕಿಲೋಮೀಟರ್ ಆಚೆ ಮೆನ್ಲೊ ಪಾರ್ಕಿನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಇನ್ನೊಂದು. ರೂಟರಿನ ಮುತ್ತಜ್ಜ ಎನ್ನಬಹುದಾದ ಐಎಂಪಿ ಎಂಬ ಯಂತ್ರ ಎರಡೂ ಕಡೆ ಇತ್ತು. ನಡುವೆ ಬಾಡಿಗೆಗೆ ಪಡೆದ ಟೆಲಿಫೋನ್ ಲೈನು. ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ‘ಲಾಗಿನ್’ ಎಂದು ಟೈಪ್ ಮಾಡಲು ಹೊರಟ. ಮೊದಲ ಎರಡು ಅಕ್ಷರ ಆಚೆ ತಲುಪಿದವು, ಅಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ಮಲಗಿತು. ಸುಮಾರು ಒಂದು ಗಂಟೆಯ ಮೇಲೆ ಸರಿಪಡಿಸಿ ಮತ್ತೆ ಪ್ರಯತ್ನಿಸಿದಾಗ ಪೂರ್ತಿ ಹೋಯಿತು. ಈ ಪ್ರಸಂಗವನ್ನು ಎಲ್ಲರೂ ಆ ಎರಡು ಅಕ್ಷರಗಳಿಗಾಗಿ ನೆನೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಕ್ಲೈನ್ ಆಗ ಕಿವಿಗೆ ಹಿಡಿದಿದ್ದ ಟೆಲಿಫೋನು. ಆಚೆ ತುದಿಯಲ್ಲಿದ್ದ ಬಿಲ್ ಡುವಾಲ್ ಜೊತೆ ಆತ ಒಂದೊಂದೇ ಅಕ್ಷರ ಬಂತೇ ಎಂದು ವಿಚಾರಿಸುತ್ತಿದ್ದ. ತಾನು ಕಳುಹಿಸಿದೆ ಎಂಬುದಷ್ಟೇ ಸಾಕ್ಷಿಯಾಗದು, ತಲುಪಿತು ಎಂದು ಆ ಕಡೆಯವರು ಹೇಳಬೇಕು ಎಂಬ ತಿಳಿವಳಿಕೆ ಮೊದಲ ರಾತ್ರಿಯೇ ಇತ್ತು. ಬಿದ್ದದ್ದು ತುದಿಯ ಯಂತ್ರ, ಲೈನಲ್ಲ ಎಂಬುದನ್ನೂ ಗಮನಿಸಬೇಕು.

ತಂತಿ ಕೆಡುವುದೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಕೆಡುತ್ತದೆ, ಧಾರಾಳವಾಗಿ ಕೆಡುತ್ತದೆ. ಕಪಾಟಿನ ಬಾಗಿಲಿಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ, ಇಲಿ ಕಡಿಯುತ್ತದೆ, ಜೆಸಿಬಿ ಅಗೆಯುತ್ತದೆ. ಅದನ್ನು ಮೊದಲು ನೋಡಬೇಕೆಂಬ ಹಳೆಯ ಬುದ್ಧಿವಾದಕ್ಕೆ ನನ್ನ ತಕರಾರಿಲ್ಲ. ಆದರೆ ಭೌತಿಕ ಎನ್ನುವ ತೊಂದರೆಗಳನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಫೈಬರ್ ಜೋಡಿಯಲ್ಲಿ ಎರಡು ಎಳೆ. ಒಂದು ನನ್ನ ಬಾಯಿಯಿಂದ ನಿಮ್ಮ ಕಿವಿಗೆ, ಇನ್ನೊಂದು ನಿಮ್ಮ ಬಾಯಿಯಿಂದ ನನ್ನ ಕಿವಿಗೆ. ಪ್ಯಾಚ್ ಪ್ಯಾನೆಲಿನಲ್ಲಿ ಯಾರೋ ಎಳೆಗಳನ್ನು ಅದಲುಬದಲು ಮಾಡಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ. ಗಾಜು ಸರಿ, ಲೇಸರ್ ಸರಿ, ಎರಡು ಪೆಟ್ಟಿಗೆಗಳೂ ಸರಿ, ಆದರೆ ಲಿಂಕ್ ಇಲ್ಲ. ಎರಡೂ ಕಡೆ ಬರುವ ಬೆಳಕಿನ ಅಳತೆ ಮೈನಸ್ 40 ಡಿಬಿಎಂ ಎಂದು ತೋರಿಸುತ್ತದೆ, ಅಂದರೆ ಕಗ್ಗತ್ತಲು. ಅದೇ ಒಂದು ಕಡೆ ಮಾತ್ರ ಮೈನಸ್ 40, ಇನ್ನೊಂದು ಕಡೆ ಮೈನಸ್ 5 ಎಂದಿದ್ದರೆ ಕತೆ ಬೇರೆ: ಒಂದು ಎಳೆ ಮಾತ್ರ ಸತ್ತಿದೆ, ಅಥವಾ ಒಂದು ತುದಿಯ ಲೇಸರ್ ಮಾತ್ರ. ಮೈನಸ್ 5 ಓದಿದವನು ಫೋನಿನಲ್ಲಿ ‘ನಮಗೆ ಲೈಟ್ ಚೆನ್ನಾಗಿ ಬರ್ತಿದೆ, ನಿಮ್ ಕಡೆ ನೋಡಿ’ ಎನ್ನುತ್ತಾನೆ. ನೋಡಬೇಕಾದದ್ದು ಅವನೇ. ಅವನಿಗೆ ಬೆಳಕು ಬರುತ್ತಿದೆ ಎಂದರೆ ಆ ಕಡೆಯವನ ಬಾಯಿ ಸರಿ ಇದೆ ಎಂದಷ್ಟೇ ಅರ್ಥ. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಹಾಯುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದು. ಬೆರಳು ತಗುಲಿದ ಕನೆಕ್ಟರಿನ ಮೇಲೆ ಉಳಿದ ಒಂದು ಧೂಳಿನ ಕಣ ಅಲ್ಲಿ ಬಂಡೆಗಲ್ಲಾಗಿ ಕೂರುತ್ತದೆ. ಒರೆಸುವ ಪೆನ್ನಿನಿಂದ ಕ್ಲಿಕ್ಕೆನಿಸಿ ಮತ್ತೆ ಸಿಕ್ಕಿಸಿದಾಗ ಮೈನಸ್ 18 ಇದ್ದದ್ದು ಮೈನಸ್ 6ಕ್ಕೆ ಏರುವುದನ್ನು ನೋಡುವ ಸುಖ, ಪೊರೆ ತೆಗೆದ ಕಣ್ಣು ಮೊದಲ ಸಲ ಬೀದಿ ನೋಡಿದಂತೆ.

ಹೊಂದಾಣಿಕೆಯ ತೊಂದರೆಗೆ ನನ್ನ ಅಚ್ಚುಮೆಚ್ಚಿನ ಉದಾಹರಣೆ ಡ್ಯೂಪ್ಲೆಕ್ಸ್ ಮಿಸ್‌ಮ್ಯಾಚ್. 1995ರಲ್ಲಿ ಫಾಸ್ಟ್ ಈಥರ್ನೆಟ್ಟಿನ ಜೊತೆಗೆ ಆಟೋ ನೆಗೋಷಿಯೇಶನ್ ಬಂತು. ಎರಡು ತುದಿಗಳು ಪರಸ್ಪರ ವಿಚಾರಿಸಿಕೊಂಡು ವೇಗವನ್ನೂ ಸಂಭಾಷಣೆಯ ರೀತಿಯನ್ನೂ ನಿಶ್ಚಯಿಸುತ್ತವೆ. ಒಂದು ತುದಿಯಲ್ಲಿ ಎಚ್ಚರಿಕೆಯ ಮನುಷ್ಯನೊಬ್ಬ ‘100, ಫುಲ್’ ಎಂದು ಕೈಯಾರೆ ಬರೆದು ಗಟ್ಟಿ ಮಾಡಿದ ಎನ್ನೋಣ. ಆ ತುದಿ ವಿಚಾರಿಸುವುದನ್ನೇ ನಿಲ್ಲಿಸುತ್ತದೆ. ಆಟೋದಲ್ಲಿರುವ ತುದಿ ಸಂಕೇತದಿಂದ ವೇಗವನ್ನೇನೋ ಊಹಿಸಬಲ್ಲದು, ಡ್ಯೂಪ್ಲೆಕ್ಸ್ ಊಹಿಸಲಾರದು. ಉತ್ತರ ಬಾರದಿದ್ದರೆ ಹಾಫ್ ಎಂದು ತಿಳಿಯಬೇಕೆಂಬುದು ನಿಯಮ, ಅದು ನಿಯಮ ಪಾಲಿಸುತ್ತದೆ. ಈಗ ಒಬ್ಬನ ಕೈಯಲ್ಲಿ ವಾಕಿಟಾಕಿ, ಇನ್ನೊಬ್ಬನ ಕೈಯಲ್ಲಿ ಟೆಲಿಫೋನು. ವಾಕಿಟಾಕಿಯವನು ಮಾತಾಡುತ್ತಿರುವಾಗ ಟೆಲಿಫೋನಿನವನೂ ಮಾತಾಡುತ್ತಾನೆ. ಡಿಕ್ಕಿಯಾಯಿತೆಂದು ಮೊದಲಿನವನು ಅರ್ಧಕ್ಕೆ ಬಾಯಿ ಮುಚ್ಚುತ್ತಾನೆ. ಆ ಅರ್ಧ ವಾಕ್ಯ ಎರಡನೆಯವನ ಕಿವಿಗೆ ಕೆಟ್ಟ ಫ್ರೇಮ್ ಆಗಿ ಬೀಳುತ್ತದೆ. ಹೀಗಾಗಿ ಹಾಫ್ ಇರುವಲ್ಲಿ ಲೇಟ್ ಕೊಲಿಶನ್ ಎಣಿಕೆ ಏರುತ್ತದೆ, ಫುಲ್ ಇರುವಲ್ಲಿ ಸಿಆರ್‌ಸಿ ದೋಷದ ಎಣಿಕೆ. ಸಿಆರ್‌ಸಿ ಕಂಡವನು ಕೇಬಲ್ ಕೆಟ್ಟಿದೆ ಎಂದು ಆಣೆ ಮಾಡುತ್ತಾನೆ, ಹೊಸ ಕೇಬಲ್ ತರಿಸುತ್ತಾನೆ, ಹೊಸದರಲ್ಲೂ ಸಿಆರ್‌ಸಿ ಏರುತ್ತದೆ. ಪಿಂಗ್ ಮಾತ್ರ ಹೋಗುತ್ತಲೇ ಇರುತ್ತದೆ, ಏಕೆಂದರೆ ಒಂದು ಪ್ರಶ್ನೆ, ಅದರ ಹಿಂದೆ ಒಂದು ಉತ್ತರ, ಇದರಲ್ಲಿ ಡಿಕ್ಕಿಗೆ ಅವಕಾಶ ಕಡಿಮೆ. ದೊಡ್ಡ ಫೈಲ್ ಕಳುಹಿಸಿದಾಗಲೇ ಬಣ್ಣ ಬಯಲಾಗುವುದು. ಎರಡು ತುದಿಗಳ ಎಣಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ನಿಮಿಷದ ಕೆಲಸ. ಒಂದನ್ನೇ ನೋಡುತ್ತಾ ಕೂತರೆ ಒಂದು ವಾರವೂ ಸಾಲದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆಯಲ್ಲಿ ಎತ್ತಿನದೂ ತಪ್ಪಿಲ್ಲ, ಕೋಣನದೂ ತಪ್ಪಿಲ್ಲ.

ವಿಳಾಸದ ಮಟ್ಟಕ್ಕೆ ಏರಿದರೂ ಇದೇ ರಗಳೆ. ಈ ಕಡೆ 192.168.10.1, ಮಾಸ್ಕ್ 255.255.255.252, ಅಂದರೆ ಈ ರೂಟರಿನ ಲೆಕ್ಕದಲ್ಲಿ ಕೇರಿಯಲ್ಲಿ ನಾಲ್ಕೇ ವಿಳಾಸ, ವಾಸಕ್ಕೆ ಎರಡು. ಆ ಕಡೆ 192.168.10.5, ಮಾಸ್ಕ್ 255.255.255.0; ಅದರ ಲೆಕ್ಕದಲ್ಲಿ ಕೇರಿ ದೊಡ್ಡದು, 1 ನೆರೆಮನೆಯೇ. ಅದು ‘192.168.10.1 ಯಾರಪ್ಪಾ?’ ಎಂದು ಎಆರ್‌ಪಿ ಕೂಗು ಹಾಕುತ್ತದೆ. ಈ ಕಡೆಯದಕ್ಕೆ ಕೂಗು ಕೇಳಿಸುತ್ತದೆ, ಆದರೆ 5 ಎಂಬಾತ ತನ್ನ ಕೇರಿಯವನಲ್ಲ ಎಂದು ಉತ್ತರ ಕೊಡದೆ ಸುಮ್ಮನಾಗುತ್ತದೆ. ಆಗ ಸಿಸ್ಕೋ ರೂಟರಿನಲ್ಲಿ ಡಿಬಗ್ ಎಆರ್‌ಪಿ ಹಾಕಿ ನೋಡಿದರೆ ಬರುವ ಸಂದೇಶದಲ್ಲಿ ಎರಡು ಪದಗಳಿರುತ್ತವೆ: ‘ರಾಂಗ್ ಕೇಬಲ್’. ಕೇಬಲ್ ಸರಿಯಾಗಿಯೇ ಇದೆ! ಆದರೆ ರೂಟರಿನ ತರ್ಕ ನೋಡಿ: ನನ್ನ ಮನೆ ಸಂಖ್ಯೆ ತಪ್ಪಿರಲು ಸಾಧ್ಯವಿಲ್ಲ, ಆದ್ದರಿಂದ ಈ ತಂತಿ ತಪ್ಪು ಮನೆಗೆ ಹೋಗಿದೆ. ‘ನಮ್ ಕಡೆ ಎಲ್ಲಾ ಸರಿ ಇದೆ’ ಎಂಬುದನ್ನು ಯಂತ್ರವೂ ತನ್ನ ಭಾಷೆಯಲ್ಲಿ ಹೇಳುವುದನ್ನು ಕಂಡರೆ ಅದರ ಮೇಲೆ ಒಂದು ಬಗೆಯ ವಾತ್ಸಲ್ಯ ಹುಟ್ಟುತ್ತದೆ. ಎಲ್ಲ ಸರಿಪಡಿಸಿದ ಮೇಲಿನ ಮೊದಲ ಪಿಂಗಿನಲ್ಲಿ ಒಂದು ಚುಕ್ಕಿ, ನಾಲ್ಕು ಆಶ್ಚರ್ಯಸೂಚಕ ಚಿಹ್ನೆ ಬಂದರೆ ಹೊಸಬರು ಗಾಬರಿಯಾಗುತ್ತಾರೆ. ಶೇಕಡಾ 80 ಮಾತ್ರವೇ ಎಂದು. ಅದು ಎಆರ್‌ಪಿ ನೆರೆಯವನ ಹಾರ್ಡ್‌ವೇರ್ ವಿಳಾಸ ಕೇಳಿ ತಿಳಿಯುವಷ್ಟರಲ್ಲಿ ಕಳೆದುಹೋದ ಮೊದಲ ಪ್ಯಾಕೆಟ್, ಅಷ್ಟೇ. 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದ ಆರ್‌ಎಫ್‌ಸಿ 826ರ ಪರಿಚಯ ವಿಧಿ ಇಂದಿಗೂ ಈ ಸಣ್ಣ ಸುಂಕ ವಸೂಲಿ ಮಾಡುತ್ತಲೇ ಇದೆ.

ಇನ್ನೂ ಮೇಲೆ, ರೂಟರ್‌ಗಳು ಪರಸ್ಪರ ದಾರಿ ತಿಳಿಸಿಕೊಳ್ಳುವ ಓಎಸ್‌ಪಿಎಫ್ ಇದೆ. ಪಿಂಗ್ ಹೋಗುತ್ತದೆ, ಹಲೋ ಪ್ಯಾಕೆಟ್ಟುಗಳೂ ವಿನಿಮಯವಾಗುತ್ತವೆ, ಆದರೆ ನೆರೆಹೊರೆಯ ಸಂಬಂಧ ಎಕ್ಸ್‌ಸ್ಟಾರ್ಟ್ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಒಂದು ಕಡೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1500 ಬೈಟ್, ಇನ್ನೊಂದು ಕಡೆ 9000. ದೊಡ್ಡ ಬಾಯಿಯವನ ತುತ್ತು ತನ್ನ ಬಾಯಿಗೆ ಹಿಡಿಸದೆಂದು ಸಣ್ಣ ಬಾಯಿಯವನು ಮೊದಲೇ ನಿರಾಕರಿಸುತ್ತಾನೆ. ನೂರು ಬೈಟಿನ ಪಿಂಗಿಗೆ ಇದು ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ರಾಮಾಯಣ ಯಾಕೆ, ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದರಾಯಿತು ಎಂಬುದು ಪ್ರಾಯೋಗಿಕರ ಆಕ್ಷೇಪ. ರೀಬೂಟಿನಿಂದ ಕೆಲವೊಮ್ಮೆ ಸರಿಯಾಗುವುದುಂಟು, ನನ್ನ ಸಿಟ್ಟಿಗೆ ಕಾರಣವೂ ಅದೇ. ರೀಬೂಟ್ ಮಾಡಿದ ಕ್ಷಣ ದೋಷಗಳ ಎಣಿಕೆ ಸೊನ್ನೆಗೆ ಬರುತ್ತದೆ, ಎಆರ್‌ಪಿ ಪಟ್ಟಿ ಅಳಿಯುತ್ತದೆ, ಲಾಗ್ ಬಫರ್ ಖಾಲಿಯಾಗುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದಂತೆ. ಸೇವ್ ಮಾಡದ ಕಾನ್ಫಿಗರೇಶನ್ ಇದ್ದರಂತೂ ಒಂದು ತೊಂದರೆ ಹೋಗಿ ಎರಡಾಗುತ್ತದೆ. ಇನ್ನೊಂದು ಆಕ್ಷೇಪ ಪಾಠ ಹೇಳುವವರದು: ಕೆಳಗಿನ ಪದರದಿಂದ ಮೇಲಕ್ಕೆ ಒಂದೊಂದೇ ಪರೀಕ್ಷಿಸುತ್ತಾ ಹೋಗುವ ಪಟ್ಟಿ ಇರುವಾಗ ಇದರಲ್ಲಿ ಕಲೆ ಎಲ್ಲಿಂದ ಬಂತು? ಪಟ್ಟಿ ಒಳ್ಳೆಯದೇ, ಕಲಿಯುವವರಿಗೆ ಊರುಗೋಲು. ಆದರೆ ತಂತಿಯ ಆಚೆಗಿರುವ ನೆರೆಯವನನ್ನು ಗುರುತಿಸುವ ಸಿಡಿಪಿ ಎಂಬ ಪ್ರೋಟೋಕಾಲಿಗೆ ಐಪಿ ವಿಳಾಸದ ಹಂಗಿಲ್ಲ. ಎರಡೂ ಕಡೆಯ ಸಿಡಿಪಿ ಪಟ್ಟಿಯಲ್ಲಿ ಎದುರಿನ ರೂಟರಿನ ಹೆಸರು ಕಾಣುತ್ತಿದೆ ಎಂದರೆ ಕೇಬಲ್, ಲೇಸರ್, ಎನ್‌ಕ್ಯಾಪ್ಸುಲೇಶನ್ ಎಲ್ಲವೂ ಒಂದೇ ಏಟಿಗೆ ನಿರ್ದೋಷಿಗಳೆಂದು ಬಿಡುಗಡೆ. ಎಲ್ಲ ಪ್ರಶ್ನೆಗಳನ್ನು ಕೇಳುವುದಕ್ಕಿಂತ, ಅನುಮಾನದ ಹೊಲವನ್ನು ಸರಿಯಾಗಿ ಎರಡು ಪಾಲು ಮಾಡುವ ಒಂದು ಪ್ರಶ್ನೆ ಯಾವುದೆಂದು ಹೊಳೆಯುವುದಿದೆಯಲ್ಲ, ಅದು ಪಟ್ಟಿಯಿಂದ ಬರುವುದಿಲ್ಲ.

ಮುಂದೆ ಇದೆಲ್ಲ ತಾನೇ ತಾನಾಗಿ ನಡೆಯುತ್ತದೆ, ಹೊಂದಿಸುವ ಕೆಲಸ ಯಂತ್ರಕ್ಕೇ ಬಿಡಿ ಎನ್ನುವವರ ಮಾತಿನಲ್ಲಿ ಹುರುಳಿದೆ. ತಾಮ್ರದ ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಆಟೋ ನೆಗೋಷಿಯೇಶನ್ ಕಡ್ಡಾಯವಾದ ಮೇಲೆ ಡ್ಯೂಪ್ಲೆಕ್ಸ್ ಜಗಳ ಬಹುಮಟ್ಟಿಗೆ ಮುಗಿಯಿತು. ಆದರೆ ಜಗಳ ಸಾಯಲಿಲ್ಲ, ಮನೆ ಬದಲಿಸಿತು. ಇಂದಿನ 25 ಮತ್ತು 100 ಗಿಗಾಬಿಟ್ ಲಿಂಕುಗಳಲ್ಲಿ ಎಫ್‌ಇಸಿ ಎಂಬ ದೋಷ ತಿದ್ದುವ ವಿಧಾನವಿದೆ. ಒಂದು ತುದಿಯಲ್ಲಿ ಅದು ಆನ್, ಇನ್ನೊಂದರಲ್ಲಿ ಆಫ್ ಇದ್ದರೆ ಬೆಳಕು ಎರಡೂ ಕಡೆ ಸೊಗಸಾಗಿ ಬರುತ್ತಿದ್ದರೂ ಲಿಂಕ್ ಏಳುವುದಿಲ್ಲ. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳನ್ನು ಜೋಡಿಸುವಾಗ ಇದು ದಿನನಿತ್ಯದ ಮಾತು. ಸ್ವಯಂಚಾಲಿತ ವ್ಯವಸ್ಥೆ ಎರಡೂ ತುದಿಗಳಲ್ಲಿದ್ದರೆ ವರ, ಒಂದರಲ್ಲೇ ಇದ್ದರೆ ಅದೇ ರೋಗದ ಮೂಲ.

ಪಿಂಗ್ ಹುಟ್ಟಿದ ಕತೆ ಮಾತ್ರ ನನ್ನ ವಾದಕ್ಕೆ ಎದುರು ಸಾಕ್ಷಿ ಹೇಳುತ್ತದೆ. ಅದನ್ನು ಮುಚ್ಚಿಡಬಾರದು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯ ಜಾಲ ವಿಚಿತ್ರವಾಗಿ ವರ್ತಿಸುತ್ತಿತ್ತು. ಮೈಕ್ ಮೂಸ್ ಒಂದೇ ರಾತ್ರಿಯಲ್ಲಿ ಆ ಪ್ರೋಗ್ರಾಂ ಬರೆದು, ಸೋನಾರಿನ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟ. ಅವನು ಮೊದಲ ಪ್ಯಾಕೆಟ್ ಹಾರಿಸುವ ಮೊದಲೇ ಸಹೋದ್ಯೋಗಿಯೊಬ್ಬ ಕೆಟ್ಟ ಹಾರ್ಡ್‌ವೇರನ್ನು ಹುಡುಕಿ ತೆಗೆದಿದ್ದ! ಮೂಸ್ ತಾನೇ ಬರೆದಿಟ್ಟ ಈ ವೃತ್ತಾಂತದಲ್ಲಿ ಇನ್ನೊಂದು ಪ್ರಸಂಗವೂ ಇದೆ. ಬಿಟ್ಟು ಬಿಟ್ಟು ಕೈಕೊಡುವ ಈಥರ್ನೆಟ್ ಕನೆಕ್ಟರ್ ಯಾವುದೆಂದು ತಿಳಿಯದ ಒಬ್ಬಾತ, ಪ್ರತಿ ಉತ್ತರಕ್ಕೂ ಕಂಪ್ಯೂಟರ್ ‘ಪಿಂಗ್’ ಎಂದು ಬಾಯಿಬಿಟ್ಟು ಹೇಳುವಂತೆ ಮಾಡಿ, ಸ್ಪೀಕರಿನ ದನಿ ಏರಿಸಿ, ಕಟ್ಟಡದ ತುಂಬ ತಿರುಗುತ್ತಾ ಒಂದೊಂದೇ ಕನೆಕ್ಟರನ್ನು ಅಲುಗಾಡಿಸಿದನಂತೆ. ಎಲ್ಲಿ ಸದ್ದು ನಿಂತಿತೋ ಅಲ್ಲೇ ಕಳ್ಳ. ಸಡಿಲವಾದ ಕನೆಕ್ಟರ್ ಸಡಿಲವಾದ ಕನೆಕ್ಟರೇ, ಅದನ್ನು ಒಪ್ಪಂದದ ಭಂಗ ಎಂದು ಕರೆದರೆ ನಗೆಪಾಟಲು. ಆದರೂ ಕಳ್ಳ ಸಿಕ್ಕಿದ್ದು ಆಚೆ ತುದಿಯ ಉತ್ತರಕ್ಕೆ ಕಿವಿಗೊಟ್ಟದ್ದರಿಂದ.

ಈ ಆಟದ ರುಚಿ ನೋಡಬೇಕೆನ್ನುವವರಿಗೆ ಖರ್ಚೇನೂ ಇಲ್ಲ. ಪರದೆಯ ಮೇಲೆಯೇ ಜಾಲ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಎರಡು ರೂಟರ್ ಎಳೆದು ತಂದು ಕೂಡಿಸಿ, ಪಿಂಗ್ ಹೋಗುವವರೆಗೆ ಸಾಧಿಸಿ, ಆಮೇಲೆ ಲ್ಯಾಪ್‌ಟಾಪನ್ನು ಗೆಳೆಯರ ಕೈಗೆ ಕೊಟ್ಟು, ಯಾವ ತುದಿಯಲ್ಲಿ ಏನು ಕೆಡಿಸಿದರೆಂದು ಹೇಳದೆ ಒಂದನ್ನು ಕೆಡಿಸಲು ಹೇಳಿ. ಆ ಪ್ಯಾಕೆಟ್ ಟ್ರೇಸರಿನಲ್ಲಿ ಸಿಗದಿರುವುದು ಧೂಳು ಮಾತ್ರ.