ಹಳದಿ ತಂತಿಯಿಂದ ನೀಲಿ ಪ್ಲಗ್ಗಿಗೆ

ಒಂದೇ ಮನೆಯಲ್ಲಿರುವ ಎರಡು ಯಂತ್ರಗಳಿಗೂ ಪರಸ್ಪರರ ಭಾಷೆ ತಿಳಿಯದೆ ಹೋಗಬಹುದು. ರೋಜಾದ ನಮ್ಮ ಮನೆಯಲ್ಲಿ ವಿ.ಸಿ.ಆರ್. ಇನ್ನೂ ನಡೆಯುತ್ತಿದೆ, ಅದರ ಜೊತೆಗಾರನಾಗಿದ್ದ ಟಿ.ವಿ. ಮಾತ್ರ ತೀರಿಹೋಗಿದೆ. ಉಳಿದಿರುವುದು ಕಂಪ್ಯೂಟರಿನ ಹಳೆಯ ಮಾನಿಟರ್.

ಕಮಲಾಪುರದಿಂದ ಬಸ್ಸಿನಲ್ಲಿ ಬಂದು ನನ್ನ ಬಳಿ ಓದಿದ ಶಿಷ್ಯನೊಬ್ಬ ಅಕಾಲದಲ್ಲಿ ತೀರಿಕೊಂಡ. ಕಳೆದ ವರ್ಷ ಅವನ ಮಗಳು ಬಂದು, "ಅಪ್ಪ ಶಾಲ್ಯಾಗ ಭಾಳ ಛಲೋ ಹಾಡತಿದ್ದರಂತ, ಹೌದೇನ್ರಿ ಸರ್?" ಎಂದು ಕೇಳಿದಳು. 1992ರ ವಾರ್ಷಿಕೋತ್ಸವದ ಕ್ಯಾಸೆಟ್ಟಿನಲ್ಲಿ ಆ ಹಾಡಿದೆ. ಅದನ್ನು ತೋರಿಸುವ ಬಗೆ ಹೇಗೆ?

ಹಳದಿ ತಂತಿಯನ್ನು ಮಾನಿಟರಿನ ನೀಲಿ ಪ್ಲಗ್ಗಿಗೆ ಬೆಸೆದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಸೆಕೆಂಡಿಗೆ 15,625 ಗೆರೆಗಳು. ಅದೂ ಮೊದಲು ಬೆಸ ಗೆರೆಗಳು, ಬಳಿಕ ಸಮ ಗೆರೆಗಳು ಎಂದು ಎರಡು ಕಂತುಗಳಲ್ಲಿ. ವಿಜಿಎ ಮಾನಿಟರ್ ಬಯಸುವುದು ಕನಿಷ್ಠ 31,500ರಷ್ಟು ಗೆರೆಗಳನ್ನು. ಮೇಲಾಗಿ, ಹಳದಿ ತಂತಿಯಲ್ಲಿ ಬಣ್ಣ ಬೆಳಕುಗಳೆಲ್ಲ ಒಂದಾಗಿ ಹರಿದರೆ, ಮಾನಿಟರಿಗೆ ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಬರಬೇಕು. ಆದ್ದರಿಂದ ನಡುವೆ ಪರಿವರ್ತಕ ಪೆಟ್ಟಿಗೆಯೊಂದು ಬೇಕು. ಅದು ಚಿತ್ರವನ್ನು ಕ್ಷಣಕಾಲ ನೆನಪಿನಲ್ಲಿಟ್ಟುಕೊಂಡು, ಗೆರೆಗಳನ್ನು ಹೆಚ್ಚಿಸಿ ಹೊಸ ವೇಗದಲ್ಲಿ ಒಪ್ಪಿಸುತ್ತದೆ.

ಇಂತಹ ಪರಿವರ್ತಕ ನಮ್ಮ ಸೀಮೆಗೆ ಹೊಸತಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಎ.ಟಿ.ಎಸ್.-6 ಉಪಗ್ರಹದಿಂದ ದೂರದರ್ಶನ ಕಾರ್ಯಕ್ರಮಗಳು ಬಂದವು. ಉಪಗ್ರಹದ ಸಂಕೇತ ಟಿ.ವಿ.ಗೆ ನೇರವಾಗಿ ಅರ್ಥವಾಗುತ್ತಿರಲಿಲ್ಲ. ತಂತಿಬಲೆಯ ದೊಡ್ಡ ಆಂಟೆನಾ ಹಿಡಿದದ್ದನ್ನು ಪರಿವರ್ತಕವೊಂದು ಅನುವಾದಿಸಿ ಕೊಡುತ್ತಿತ್ತು.

ಪೆಟ್ಟಿಗೆ ತರಿಸಿ ಜೋಡಿಸಿದೆವು. ವಿಶೇಷವೆಂದರೆ, ಧ್ವನಿಗೆ ಯಾವ ಪರಿವರ್ತನೆಯೂ ಬೇಡ. ಬಿಳಿ ತಂತಿಯಿಂದ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ಟೇಪು ಸವೆದಿದ್ದರಿಂದ ಪರದೆ ಮೊದಲಿಗೆ ಬರಿಯ ನೀಲಿಯಾಗಿಯೇ ಇತ್ತು. ಆದರೆ ಹಾಡು ಕೇಳಿಸಿತು. ಆ ಹುಡುಗಿ ಚಿತ್ರಕ್ಕಾಗಿ ಕಾಯಲಿಲ್ಲ; ಕಣ್ಣು ಮುಚ್ಚಿ ಕುಳಿತಳು. ಚಿತ್ರ ಮೂಡಿದ ಮೇಲೆ, ಮಡಚಿದ ತೋಳಿನ ಬಿಳಿ ಅಂಗಿಯ ಹುಡುಗನನ್ನು ತಾನೇ ಗುರುತಿಸಿದಳು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಕ್ಯಾಸೆಟ್ಟುಗಳನ್ನು ಇಂದೇ ಹೊರತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕದೆ, ಬಲ್ಲವರಿಂದ ಶುಚಿ ಮಾಡಿಸಿರಿ. ನೋಡಿದರಷ್ಟೇ ಸಾಲದು, ಕಂಪ್ಯೂಟರಿನಲ್ಲಿ ಪ್ರತಿಯೊಂದನ್ನು ತೆಗೆದಿಡಿರಿ. ವಿ.ಸಿ.ಆರ್. ತಯಾರಿಕೆ 2016ರಲ್ಲಿಯೇ ನಿಂತುಹೋಯಿತು. ಇರುವ ಯಂತ್ರಗಳು ನಮ್ಮಂತೆಯೇ ವೃದ್ಧವಾಗುತ್ತಿವೆ.