'ಇವ್ರಿಗೆ ರೂಢಿ ಇದ್ಯಾ?'

ನವೆಂಬರ್ ಬಂತೆಂದರೆ ನಮ್ಮ ಮುಂಬೈ ಆಫೀಸಿನಲ್ಲಿ ಯಾರಾದರೊಬ್ಬರು ನನ್ನ ಡೆಸ್ಕಿಗೆ ಬಂದು ಕೇಳುತ್ತಾರೆ: "ಗೋಕರ್ಣಕ್ಕೆ ಹೊರಟಿದ್ದೀವಿ. ಅಲ್ಲಿ ಸ್ಕೂಟರ್ ಬಾಡಿಗೆಗೆ ತಗೊಳ್ಳೋದಾ, ರಿಕ್ಷಾನಾ?" ಶಿರಸಿಯವನು ಎಂಬ ಒಂದೇ ಕಾರಣಕ್ಕೆ ಇಡೀ ಉತ್ತರ ಕನ್ನಡ ಜಿಲ್ಲೆಗೆ ನಾನೇ ಗೈಡು. ಮೊದಲೆಲ್ಲ ಯೋಚಿಸದೆ "ಸ್ಕೂಟರ್ ತಗೊಳ್ಳಿ, ಮಜಾ ಇರುತ್ತೆ" ಅನ್ನುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಅದಕ್ಕೆ ಕಾರಣ ಎರಡು ವರ್ಷದ ಹಿಂದಿನ ಒಂದು ಪ್ರವಾಸ, ಅಲ್ಲಿ ನಾನು ಆಡಿದ ಒಂದು ಮಾತು.

ಟೀಮಿನ ನಾಲ್ವರು ಹೋಗಿದ್ದೆವು. ಕನ್ನಡ ಬರುತ್ತಿದ್ದುದು ನನಗೊಬ್ಬನಿಗೇ. ರೂಮು, ಊಟ, ಚೌಕಾಸಿ ಎಲ್ಲದಕ್ಕೂ ನಾನೇ ಮುಂದೆ. ವರ್ಷವಿಡೀ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಕಳೆಯುವವನಿಗೆ ಹೀಗೆ ಕನ್ನಡದಲ್ಲಿ ಕಾರುಬಾರು ನಡೆಸುವುದೆಂದರೆ ಎಂಥ ಖುಷಿ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಸ್ಕೂಟರ್ ಬಾಡಿಗೆಗೆ ಕೇಳಿದಾಗ, ನಾನು ಶಿರಸಿಯವನೆಂದು ತಿಳಿದ ಮಾಲೀಕರು ಗಾಡಿಗೆ ನೂರು ರೂಪಾಯಿ ಕಡಿಮೆ ಮಾಡಿದರು. ನಾನು ಗೆಳೆಯರ ಕಡೆ ತಿರುಗಿ ಹೆಮ್ಮೆಯಿಂದ ನಕ್ಕೆ.

ಒಂದು ಸ್ಕೂಟರ್ ನನಗೆ, ಇನ್ನೊಂದು ದಿಲ್ಲಿಯಿಂದ ಬಂದು ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಸಹೋದ್ಯೋಗಿಗೆ. ಅವಳ ಲೈಸೆನ್ಸ್ ನೋಡಿದ ಮಾಲೀಕರು ಕೀಲಿ ಕೊಡುವ ಮುನ್ನ ನನ್ನನ್ನು ಕೇಳಿದರು: "ಇವ್ರಿಗೆ ಇಳಿಜಾರಲ್ಲಿ ಗಾಡಿ ಹೊಡ್ದು ರೂಢಿ ಇದ್ಯಾ?"

"ಇದೆ ಇದೆ" ಅಂದೆ.

"ಏನು ಕೇಳ್ತಿದ್ದಾರೆ?" ಅಂದಳು ಅವಳು, ಹಿಂದಿಯಲ್ಲಿ.

"ಏನಿಲ್ಲ, ಹೊರಡೋಣ" ಅಂದೆ.

ಗೋಕರ್ಣ ಊರು ಸಮತಟ್ಟು. ಆದರೆ ಓಂ ಬೀಚಿಗೆ ಹೋಗಬೇಕೆಂದರೆ ಊರ ಪಕ್ಕದ ಗುಡ್ಡ ಹತ್ತಿ, ಮೇಲಿನ ಬಯಲು ದಾಟಿ, ಆಚೆ ಸಮುದ್ರದ ಕಡೆಗೆ ಇಳಿಯಬೇಕು. ದಾರಿ ಕೆಲವೇ ಕಿಲೋಮೀಟರ್. ಮೇಲಿನಿಂದ ಸಮುದ್ರ ಕಾಣುತ್ತಿದ್ದಂತೆ ಕಣ್ಣು ಅತ್ತ ಹೋಗುತ್ತದೆ, ರಸ್ತೆ ತಿರುಗುವುದೂ ಅಲ್ಲೇ. ಅಂಚಿನಲ್ಲಿ ಕೆಂಪು ಜಂಬಿಟ್ಟಿಗೆಯ ಪುಡಿ, ಸಣ್ಣ ಜಲ್ಲಿ.

ಗೇರಿಲ್ಲದ ಸ್ಕೂಟರಿನ ಸ್ವಭಾವ ಇಳಿಜಾರಿನಲ್ಲೇ ಗೊತ್ತಾಗುವುದು. ಗೇರಿನ ಬೈಕಾದರೆ ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ. ಸ್ಕೂಟರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ಇಳಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಅದು ಸೈಕಲ್ಲಿನ ಹಾಗೆ ಜಾರುತ್ತದೆ, ಎಲ್ಲ ಭಾರವೂ ಬ್ರೇಕಿನ ಮೇಲೆ. ಹಿಂದೆ ಒಬ್ಬರು ಕೂತಿದ್ದರೆ ಇನ್ನೂ ಕಷ್ಟ. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಬೇಕು. ತಿರುವಿನ ನಡುವೆ, ಮರಳು ಜಲ್ಲಿಯ ಮೇಲೆ, ಹೆದರಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ. ಘಟ್ಟದ ಮೇಲೆ ಬೆಳೆದ ನಮಗೆ ಇದನ್ನು ಯಾರೂ ಪಾಠ ಮಾಡಿಲ್ಲ, ಕೈಗೇ ಗೊತ್ತು. ಆದ್ದರಿಂದಲೇ ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ ಎಂದು ನಮಗೆ ಹೊಳೆಯುವುದಿಲ್ಲ.

ನಾನು ಕೆಳಗೆ ತಲುಪಿ ಪಾರ್ಕಿಂಗಿನಲ್ಲಿ ಕಾದೆ. ಅವರು ಬರಲಿಲ್ಲ. ವಾಪಸು ಹತ್ತಿ ಹೋದಾಗ ತಿರುವಿನಲ್ಲಿ ಸ್ಕೂಟರ್ ಅಡ್ಡ ಬಿದ್ದಿತ್ತು. ಅವಳು ಎಡಗೈ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತಿದ್ದಳು. ಹಿಂದೆ ಕೂತಿದ್ದ ಹುಡುಗನ ಮೊಣಕಾಲು ತರಚಿ ರಕ್ತ ಸೋರುತ್ತಿತ್ತು. ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಗಾಡಿಗೆ ಒಂದೇ ಕೊಟ್ಟಿದ್ದರು, ನಾನು ಎರಡನೆಯದನ್ನು ಕೇಳಿರಲೂ ಇಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಮುಂಬೈಯಲ್ಲಿ ಇದನ್ನು ಮರೆಯದ ನಾನು ರಜೆಯಲ್ಲಿ ಮರೆತಿದ್ದೆ.

ಫೋನ್ ಮಾಡಿದ ಕೂಡಲೇ ಮಾಲೀಕರು ತಮ್ಮ ವ್ಯಾನ್ ತಂದರು. ಬಿದ್ದ ಗಾಡಿಯ ಕಡೆ ನೋಡಲೂ ಇಲ್ಲ. ಇಬ್ಬರನ್ನೂ ಹತ್ತಿಸಿಕೊಂಡು ಕುಮಟಾಕ್ಕೆ ಹೊರಟರು. ಹೆದ್ದಾರಿ ಸೇರಿದ ಮೇಲೆ ಮೆಲ್ಲಗೆ ಅಂದರು: "ರೂಢಿ ಇದೆ ಅಂತ ನೀವೇ ಹೇಳಿದ್ರಲ್ಲ." ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಅಷ್ಟಕ್ಕೇ ಮುಗಿಯಿತು ಅನ್ನಬೇಕು. ತಲೆಗೇ ಪೆಟ್ಟು ಬಿದ್ದಿದ್ದರೆ? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ದೊಡ್ಡ ಪೆಟ್ಟಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಮಣಿಪಾಲವೆಂದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರ.

ವಾಪಸು ಬರುವಾಗ ರೈಲಿನಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಮಾಲೀಕರು ಏನು ಕೇಳಿದ್ದರು, ನಾನು ಏನು ಹೇಳಿದ್ದೆ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನಾನು ನಮ್ಮ ಕಾಲೊನಿಯೊಳಗೆ ಮಾತ್ರ ಓಡಿಸಿದ್ದು. ನನ್ನನ್ನೇ ಕೇಳಿದ್ದರೆ ಹೇಳ್ತಿದ್ದೆ."

ಹಾಗಾದರೆ ಪ್ರವಾಸಿಗರಿಗೆ ಸ್ಕೂಟರ್ ಕೊಡಲೇಬಾರದೇ? ಹಾಗೆನ್ನಲಾರೆ. ಅದು ಎಷ್ಟೋ ಮನೆಗಳ ಅನ್ನ. ದಿನಾ ಗಾಡಿ ಓಡಿಸುವವರಿಗೆ, ಹಗಲಲ್ಲಿ, ಮಳೆಯಿಲ್ಲದಾಗ, ಅದರಷ್ಟು ಸುಖ ಇನ್ನೊಂದಿಲ್ಲ. ಆದರೆ ಲೈಸೆನ್ಸ್ ಇದೆ ಎಂಬುದೂ ಇಳಿಜಾರು ಗೊತ್ತಿದೆ ಎಂಬುದೂ ಒಂದೇ ಅಲ್ಲ. ಈಗ ಯಾರಾದರೂ ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ: ಕಳೆದ ತಿಂಗಳು ಎಷ್ಟು ದಿನ ಗಾಡಿ ಓಡಿಸಿದಿರಿ? ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗುಡ್ಡ ಇಳಿದಿದ್ದೀರಾ? ಇಬ್ಬರಿಗೂ ಹೆಲ್ಮೆಟ್ ಕೊಡುತ್ತಾರಾ? ಕತ್ತಲಾಗುವ ಮೊದಲು ವಾಪಸು ಬರುತ್ತೀರಾ? ನಂಬರ್ ಪ್ಲೇಟನ್ನೂ ನೋಡಿಕೊಳ್ಳಿ ಅನ್ನುತ್ತೇನೆ. ಬಾಡಿಗೆಯ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಖಾಸಗಿ ಗಾಡಿಯಾದರೆ ಅಪಘಾತವಾದಾಗ ವಿಮೆಯವರು ಕೈ ತೊಳೆದುಕೊಳ್ಳಬಹುದು. ಒಂದಕ್ಕೆ ತಡವರಿಸಿದರೂ ರಿಕ್ಷಾ ಹತ್ತಿ. ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯೂ ಇದೆ, ಸಮುದ್ರ ಅಲ್ಲಿಂದಲೇ ಚೆನ್ನಾಗಿ ಕಾಣುವುದು.

ನಮ್ಮಂಥವರಿಗೆ ಇನ್ನೊಂದು ಮಾತು. ಪರಭಾಷೆಯ ಗೆಳೆಯರನ್ನು ಊರ ಕಡೆ ಕರೆದುಕೊಂಡು ಹೋದಾಗ ಅವರ ಕಿವಿಯೂ ನಾವೇ, ಬಾಯಿಯೂ ನಾವೇ. ಊರಿನವರು ಏನು ಕೇಳಿದರೋ ಅದನ್ನು ಅವರಿಗೆ ದಾಟಿಸಿ. ಉತ್ತರ ಅವರೇ ಕೊಡಲಿ.